ಯಾರ ಉಪಯೋಗಕ್ಕೆ ಜೇನು?

ಜೇನುಹುಳ ಕಡಿಮೆಯಾಗ್ತಿವೆ ಅಂದಕೂಡಲೆ ಕೇಳಿಬರೋ ಮೊದಲ ಪ್ರಶ್ನೆ: ಅದರಿಂದ ನಮಗೇನು ನಷ್ಟ? ಈ ದನಿ ನಮ್ಮ ಕೇರಿಗೆ ಹೊಸದಲ್ಲ. ಆಳು ಸತ್ತ ಸುದ್ದಿ ಕೇಳಿ, ನಾಳೆ ನೇಗಿಲು ಹಿಡಿಯೋರು ಯಾರು ಅಂತ ಚಿಂತೆಗೆ ಬಿದ್ದ ಒಡೆಯನ ದನಿ ಇದು.

ಆದರೂ ನಷ್ಟದ ಲೆಕ್ಕವನ್ನೇ ಮೊದಲು ನೋಡೋಣ. ರಾಗಿ, ಜೋಳ, ಭತ್ತಕ್ಕೆ ಜೇನು ಬೇಕಿಲ್ಲ. ಗುಡಿಸಲ ಮೇಲೆ ಹಬ್ಬಿದ ಕುಂಬಳದ ಮಾತು ಬೇರೆ. ಅದರ ಗಂಡುಹೂವೇ ಬೇರೆ, ಹೆಣ್ಣುಹೂವೇ ಬೇರೆ. ಪರಾಗವನ್ನು ಅಲ್ಲಿಂದ ಇಲ್ಲಿಗೆ ಹೊರೋ ಹುಳ ಬರದಿದ್ದರೆ ಹೀಚು ಹಳದಿಯಾಗಿ ಉದುರುತ್ತೆ. ಸೌತೆ, ಹಾಗಲದ್ದೂ ಇದೇ ಕಥೆ. ಜೇನು ಮುಟ್ಟದ ಸೂರ್ಯಕಾಂತಿಯಲ್ಲಿ ಜೊಳ್ಳೇ ಹೆಚ್ಚು. ಅಂದ್ರೆ ಮುದ್ದೆ ಉಳಿಯುತ್ತೆ. ಸಾರಿಗೆ ಹಾಕೋ ಕಾಯಿ, ಒಗ್ಗರಣೆಯ ಎಣ್ಣೆ ಕಮ್ಮಿಯಾಗುತ್ತೆ. ಕಾಸಿದ್ದವರು ಹೇಗೋ ಕೊಂಡು ತಿಂತಾರೆ. ಇಲ್ಲದವರ ತಟ್ಟೆ ಮೊದಲು ಬರಿದಾಗುತ್ತೆ.

ಹುಳ ಹೋದರೆ ಮನುಷ್ಯರ ಕೈ ಇದೆಯಲ್ಲ ಅನ್ನೋರಿದ್ದಾರೆ. ಯಾರ ಕೈ? 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂತು. ಇಂಥ ಬೀಜ ತಯಾರಿಸೋವಾಗ ತಳಿ ಕೆಡಬಾರದು, ಹಾಗಾಗಿ ಹುಳವನ್ನು ನಂಬೋ ಹಾಗಿಲ್ಲ. ಸಂಜೆ ಒಂದೊಂದೇ ಮೊಗ್ಗಿನ ಕೇಸರ ಬಿಡಿಸಿ, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗ ಸವರಬೇಕು. ಉತ್ತರ ಕರ್ನಾಟಕದ ಬೀಜದ ಹೊಲಗಳಲ್ಲಿ ಈ ಕೆಲಸಕ್ಕೆ ಬಾಗಿದವರು ಹೆಚ್ಚಾಗಿ ಹೆಣ್ಣಾಳುಗಳು. ಅವರ ಜೊತೆಗೆ ಶಾಲೆ ಬಿಟ್ಟ ಹುಡುಗಿಯರು. ಹುಳದ ಕೆಲಸ ಮನುಷ್ಯರ ಮೇಲೆ ಬಿದ್ದಾಗ ಅದು ಕೆಳಗಿನವರ ಬೆನ್ನನ್ನೇ ಹುಡುಕಿಕೊಂಡು ಬರುತ್ತೆ.

ಜೇನು ಯಾಕೆ ಸಾಯ್ತಿವೆ? ಕಾರಣ ಒಂದೇ ಅಲ್ಲ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ನಮ್ಮ ತುಡುವೆ ಜೇನಿನ ಮರಿಗಳನ್ನು ಎರಿಯಲ್ಲೇ ಕೊಂದು ಪೆಟ್ಟಿಗೆಗಳನ್ನು ಬರಿದು ಮಾಡಿತು. ಬೇಲಿಯ ಗಿಡ, ಹೊಂಗೆ, ಹುಣಸೆ ಕಡಿದಲ್ಲೆಲ್ಲ ಹೂವಿಲ್ಲದ ತಿಂಗಳು ಹೆಚ್ಚಿದವು. ಆಮೇಲೆ ವಿಷ. ಊರಲ್ಲಿ ಅದಕ್ಕೆ ಔಷಧಿ ಅಂತಾರೆ! ಜೇನಿಗೆ ಅಪಾಯವೆಂದು ಯುರೋಪಿನ ಒಕ್ಕೂಟ 2018ರಲ್ಲಿ ಬಯಲು ಬೆಳೆಗೆ ನಿಷೇಧಿಸಿದ ಮೂರು ವಿಷಗಳಲ್ಲಿ ಇಮಿಡಾಕ್ಲೋಪ್ರಿಡ್ ಒಂದು. ನಮ್ಮಲ್ಲಿ ಅದು ಅಂಗಡಿಯಲ್ಲೇ ಸಿಗುತ್ತೆ. ಟ್ಯಾಂಕು ಬೆನ್ನಿಗೇರಿಸಿ ಹೊಡೆಯೋನು ಕೂಲಿಯವನು. ಹೂವಿಗೆ ಬಿದ್ದದ್ದು ಹುಳದ ಹೊಟ್ಟೆಗೆ, ಗಾಳಿಗೆ ಹಾರಿದ್ದು ಇವನ ಮೂಗಿಗೆ. ಮಾರಿದವರ ಮೈಗೆ ಒಂದು ಹನಿಯೂ ತಾಗೋದಿಲ್ಲ.

ಹಾಗಾದರೆ ಉಪಯೋಗಕ್ಕೆ ಬರುತ್ತೆ ಅಂತ ಜೇನನ್ನು ಉಳಿಸಬೇಕೆ? ಈ ವಾದ ಗೆಲ್ಲಬಹುದು. ನನಗೆ ಮಾತ್ರ ಅದರ ಬಗ್ಗೆ ಹೆದರಿಕೆ. ಉಪಯೋಗವೇ ಬದುಕಿಗೆ ಅಳತೆಗೋಲಾದರೆ, ನಾಳೆ ಯಂತ್ರವೊಂದು ಪರಾಗ ಹೊತ್ತ ದಿನ ಜೇನಿನ ಹಕ್ಕು ಮುಗೀತು. ಟ್ರ್ಯಾಕ್ಟರ್ ಬಂದ ಹೊಲದಲ್ಲಿ ಆಳಿನ ಕೂಳು ಮುಗಿದ ಹಾಗೆ.

ಜೇನು ನಮ್ಮ ಆಳಲ್ಲ. ಅದು ಹೂವಿಗೆ ಹೋಗೋದು ತನ್ನ ಗೂಡಿನ ಹಸಿವಿಗೆ. ಮೈಗಂಟಿದ ಪುಡಿ ಮುಂದಿನ ಹೂವಿಗೆ ತಾಗಿ ನಮ್ಮ ಹೊಟ್ಟೆ ತುಂಬುತ್ತೆ. ಕೂಲಿ ಅದು ಕೇಳಿಲ್ಲ, ನಾವು ಕೊಟ್ಟಿಲ್ಲ. ಹೂ ಅರಳಿದಾಗ ವಿಷ ಹೊಡೆಯದಿರೋದು, ಬೇಲಿಯ ಗಿಡ ಉಳಿಸೋದು, ತುಪ್ಪ ಕೀಳುವಾಗ ಮರಿಯ ಎರಿ ಬಿಡೋದು ದಯೆಯಲ್ಲ, ಋಣ. ದುಡಿಮೆಯಿಂದ ನಮ್ಮ ಬದುಕಿನ ಬೆಲೆ ಕಟ್ಟಬೇಡಿ ಅಂತ ಕೂಗ್ತಾ ಬಂದವರು ನಾವು. ಆ ಮಾತನ್ನು ಹುಳದ ಪರವಾಗಿಯೂ ಆಡಬೇಕು. ಆಡದಿದ್ದರೆ ನಮ್ಮ ಬಾಯಲ್ಲೂ ಒಡೆಯನದೇ ನಾಲಿಗೆ.