ಹಿಂದುಳಿದವನ ಹೆಜ್ಜೆ

ಮುಂಜಾನೆಯ ಕಾವಳಕ್ಕೂ ಹಿಮಾಲಯದ ಹಿಮಕ್ಕೂ ಕನ್ನಡದಲ್ಲಿ 'ಮಂಜು' ಎಂಬ ಒಂದೇ ಮಾತು ಸಲ್ಲುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯವರು ಊರಿನಲ್ಲಿ ಕಂಡಿರುವುದು ಮೊದಲನೆಯದನ್ನು ಮಾತ್ರ. ಆದರೂ ಧನುರ್ಮಾಸದ ಬೆಳಗಿನಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟವನ್ನು ಏರಿದವರು ಬಲ್ಲರು, ಇಬ್ಬನಿ ಕುಳಿತ ಬಂಡೆಯೂ ಕಾಲಿನ ಕೆಳಗೆ ಮಂಜುಗಡ್ಡೆಯಂತೆಯೇ ಜಾರುತ್ತದೆ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಈ ಬೆಟ್ಟದಲ್ಲಿ ಕೋಟೆಯ ಬಾಗಿಲುಗಳನ್ನು ದಾಟಿ ಮೇಲೇರಿದಂತೆ ಮೆಟ್ಟಿಲುಗಳು ಮುಗಿದು, ಬರಿಯ ಬಂಡೆಯಲ್ಲಿ ಕೊರೆದ ಕಾಲುಗುಳಿಗಳಷ್ಟೇ ಉಳಿಯುತ್ತವೆ.

ಇಪ್ಪತ್ತು ವರ್ಷಗಳಿಗೂ ಹಿಂದೆ, ಕ್ರಿಸ್ತಜಯಂತಿ ಕಳೆದ ವಾರ, ನಾನು ಧರ್ಮಕೇಂದ್ರದ ಹದಿನಾರು ಯುವಕರನ್ನು ಕರೆದುಕೊಂಡು ಆ ಬೆಟ್ಟಕ್ಕೆ ಹೋಗಿದ್ದೆ. ಆಗ ನನ್ನ ಕಾಲುಗಳಲ್ಲಿ ಬಲವಿತ್ತು. ಆ ಬಲದ ಬಗ್ಗೆ ತುಸು ಹೆಮ್ಮೆಯೂ ಇತ್ತೆಂದು ಈಗ ಒಪ್ಪಿಕೊಳ್ಳಬೇಕು. ಎಲ್ಲರಿಗಿಂತ ಮುಂದೆ ನಾನೇ ನಡೆದೆ. ತುದಿಯಲ್ಲಿರುವ ಗೋಪಾಲಕೃಷ್ಣ ದೇವಾಲಯದ ಪಾಳುಗೋಡೆಯ ಬಳಿ ನಿಂತು ತಲೆ ಎಣಿಸಿದಾಗ ಹದಿನೈದೇ ಇದ್ದವು. ಪ್ರತಿಯೊಬ್ಬನೂ ಅವನು ಇನ್ನೊಬ್ಬನ ಜೊತೆಗಿದ್ದಾನೆಂದು ಭಾವಿಸಿದ್ದ. ಒಬ್ಬನೇ ಜೊತೆಗಾರನಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಗುಂಪು ದೊಡ್ಡದಾದಷ್ಟೂ ಹೊಣೆ ಅಷ್ಟು ಪಾಲಾಗಿ, ಕೊನೆಗೆ ಯಾರ ಕೈಯಲ್ಲೂ ಉಳಿಯದೆ ಹೋಗುತ್ತದೆ.

ಕಾವಳ ಕರಗುವವರೆಗೂ ಕೂಗುತ್ತಾ ಇಳಿದೆವು. ಹುಡುಗ ಬೆಟ್ಟದ ಬುಡದಲ್ಲಿ ಸಿಕ್ಕಿದ. ಅವನಿಗೆ ದಮ್ಮಿನ ಕಾಯಿಲೆಯಿತ್ತು. ಅರ್ಧದಾರಿಯಲ್ಲಿ ಉಸಿರು ಕಟ್ಟಿ ಕುಳಿತುಬಿಟ್ಟಿದ್ದವನನ್ನು ಆಡು ಮೇಯಿಸಲು ಬಂದಿದ್ದ ಅಜ್ಜಿಯೊಬ್ಬರು ಕೈಹಿಡಿದು ಕೆಳಗಿಳಿಸಿದ್ದರು. ಅವನನ್ನು ಕಂಡೊಡನೆ ನನ್ನ ಬಾಯಿಂದ ಹೊರಟ ಮೊದಲ ಮಾತು, "ಮೊದಲೇ ಹೇಳಬಾರದಿತ್ತೇನೋ?" ಎಂಬುದು. ಅವನು ತಲೆ ಎತ್ತದೆ ಹೇಳಿದ: "ಹೇಳಿದ್ದರೆ ಕರೆದುಕೊಂಡು ಬರುತ್ತಿದ್ದಿರಾ, ಫಾದರ್?"

ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಕರೆದುಕೊಂಡು ಬರುತ್ತಿರಲಿಲ್ಲ ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

2024ರ ಜೂನ್ ಮೊದಲ ವಾರದಲ್ಲಿ ಆ ಹುಡುಗ ಮತ್ತೆ ನೆನಪಾದ. ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ, ಅದರಲ್ಲಿ ಬಹುತೇಕರು ನಮ್ಮ ಕರ್ನಾಟಕದವರು, ಹಿಮಗಾಳಿಗೆ ಸಿಲುಕಿತ್ತು. 9 ಮಂದಿ ತೀರಿಕೊಂಡರು. ಮೃತರಲ್ಲಿ ವಯಸ್ಸಾದವರೂ ಇದ್ದರು. ಸಾವಿನ ಸುದ್ದಿ ಊರಿಗೆ ತಲುಪುವಷ್ಟರಲ್ಲಿಯೇ "ಆ ವಯಸ್ಸಿನಲ್ಲಿ ಯಾರು ಹೋಗು ಎಂದರು?" ಎಂಬ ಮಾತು ನನ್ನ ಕಿವಿಗೆ ಬಿತ್ತು. ಆಡಿದವರು ಕೆಟ್ಟವರಲ್ಲ. ನಾನು ಹುಡುಗನಿಗೆ ಕೇಳಿದ್ದೂ ಅದೇ ಪ್ರಶ್ನೆಯಲ್ಲವೇ?

ಮಹಾಭಾರತದ ಮಹಾಪ್ರಸ್ಥಾನದಲ್ಲಿ ಪಾಂಡವರು ಹಿಮಾಲಯವನ್ನು ಏರುವಾಗ ಮೊದಲು ದ್ರೌಪದಿ ಬೀಳುತ್ತಾಳೆ, ಅನಂತರ ಸಹದೇವ, ನಕುಲ, ಅರ್ಜುನ. ಯಾಕೆ ಬಿದ್ದರೆಂದು ಭೀಮ ಕೇಳಿದಾಗಲೆಲ್ಲ ಧರ್ಮರಾಯ ಬಿದ್ದವರ ಒಂದೊಂದು ದೋಷವನ್ನು ಹೇಳುತ್ತಾ, ಹಿಂದಿರುಗಿ ನೋಡದೆ ನಡೆಯುತ್ತಾನೆ. ಕಥೆಯ ಆಧ್ಯಾತ್ಮಿಕ ಅರ್ಥ ಬೇರೆಯಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಮನುಷ್ಯಸ್ವಭಾವವನ್ನು ಕುರಿತು ಅದು ಹೇಳುವುದು ನನ್ನನ್ನು ಕಾಡುತ್ತದೆ. ಬಿದ್ದವನಲ್ಲಿ ಒಂದು ತಪ್ಪು ಸಿಕ್ಕಿಬಿಟ್ಟರೆ ಮುಂದಿನ ಹೆಜ್ಜೆ ಇಡುವುದು ನಮಗೆ ಎಷ್ಟು ಸುಲಭ!

ಅಸಾಧ್ಯವಾದುದಕ್ಕೆ ಯಾರೂ ಬದ್ಧರಲ್ಲವೆಂದು ಗುರುಮಠದ ನೀತಿಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೆವು. ಸರಿಯಾದ ಸೂತ್ರವೇ. ಉಸಿರಾಡಲು ಗಾಳಿಯೇ ಸಾಲದ ಎತ್ತರದಲ್ಲಿ, ಇನ್ನೊಬ್ಬನನ್ನು ಹೊರಲು ಹೋದವನೂ ಸಾಯಬಹುದು. ಆದರೆ ಅಸಾಧ್ಯವೆಂಬುದನ್ನು ನಿರ್ಣಯಿಸುವವರು ಯಾರು, ಎಷ್ಟು ಬೇಗ? 2006ರ ಮೇ ತಿಂಗಳಲ್ಲಿ ಎವರೆಸ್ಟ್‌ನ ಈಶಾನ್ಯದ ಏಣಿನಲ್ಲಿ, ಹಿಮದ ನಡುವೆ, ಡೇವಿಡ್ ಶಾರ್ಪ್ ಎಂಬ ಬ್ರಿಟಿಷ್ ಆರೋಹಿ ಸಾಯುತ್ತಿದ್ದಾಗ ಸುಮಾರು 40 ಮಂದಿ ಅವರ ಪಕ್ಕದಿಂದ ಹಾದುಹೋದರೆಂದು ವರದಿಯಾಯಿತು. ಸತ್ತಿದ್ದಾರೆಂದು ಕೆಲವರು ತಿಳಿದಿದ್ದರು, ಉಳಿಸಲಾಗದೆಂದು ಮತ್ತೆ ಕೆಲವರು. ಎಡ್ಮಂಡ್ ಹಿಲರಿಯವರು ಇದನ್ನು ಬಹಿರಂಗವಾಗಿ ಖಂಡಿಸಿದರು. ಹನ್ನೊಂದು ದಿನಗಳ ಮೇಲೆ ಅದೇ ಏಣಿನಲ್ಲಿ, ಹಿಂದಿನ ಸಂಜೆ ಸತ್ತರೆಂದು ಬಿಟ್ಟು ಹೋಗಿದ್ದ ಆಸ್ಟ್ರೇಲಿಯದ ಲಿಂಕನ್ ಹಾಲ್ ಜೀವಂತವಾಗಿ ಕುಳಿತಿದ್ದುದನ್ನು ಡ್ಯಾನ್ ಮಜೂರ್ ಮತ್ತು ಅವರ ಮೂವರು ಸಂಗಡಿಗರು ಕಂಡರು. ಶಿಖರ ಕೆಲವೇ ಗಂಟೆಗಳ ದಾರಿಯಲ್ಲಿತ್ತು. ಅವರು ಶಿಖರವನ್ನು ಬಿಟ್ಟು ನಿಂತರು. ಹಾಲ್ ಬದುಕಿದರು. ಏಣು ಅದೇ, ಗಾಳಿಯೂ ಅಷ್ಟೇ ತೆಳು. ಅಸಾಧ್ಯದ ಗೆರೆಯನ್ನು ಒಬ್ಬೊಬ್ಬರು ಒಂದೊಂದು ಕಡೆ ಎಳೆದಿದ್ದರು.

ನಡೆಯಲಾರದವನೂ ತನ್ನ ಕಷ್ಟವನ್ನು ಹೇಳಿಕೊಳ್ಳಬೇಕು, ನಿಜ. ಮುಚ್ಚಿಟ್ಟರೆ ಜೊತೆಯವರನ್ನೂ ಅಪಾಯಕ್ಕೆ ಒಡ್ಡಿದಂತೆ. ಆದರೆ ಹೇಳಿದೊಡನೆ ಹೊರಗುಳಿಯಬೇಕಾದ ಕಡೆ ಯಾರು ಬಾಯಿಬಿಟ್ಟಾರು? ಬೆಟ್ಟದಲ್ಲಷ್ಟೇ ಅಲ್ಲ, ಸಾಲದಲ್ಲಿ ಮುಳುಗಿದ ರೈತ, ಪರೀಕ್ಷೆಯಲ್ಲಿ ಸೋತ ಮಗು, ಮನಸ್ಸು ಕುಸಿದ ಗುರು, ಎಲ್ಲರೂ ನಮ್ಮ ನಡುವೆ ಏದುಸಿರನ್ನು ಬಚ್ಚಿಟ್ಟುಕೊಂಡೇ ನಡೆಯುತ್ತಿದ್ದಾರೆ.

ಆದಿಕಾಂಡದಲ್ಲಿ ಏಸಾವನು ಜೊತೆಗೆ ಬಾ ಎಂದು ಕರೆದಾಗ ಯಕೋಬನು ಒಪ್ಪುವುದಿಲ್ಲ. ಎಳೆಯ ಮಕ್ಕಳೂ ಹಾಲೂಡಿಸುವ ದನಕುರಿಗಳೂ ಇವೆ, ಅವುಗಳ ನಡಿಗೆಗೆ ತಕ್ಕಂತೆ ಮೆಲ್ಲನೆ ಬರುತ್ತೇನೆ ಎನ್ನುತ್ತಾನೆ. ಅಣ್ಣನ ಭಯವೂ ಅವನ ಮನಸ್ಸಿನಲ್ಲಿತ್ತು, ಮುಂದೆ ಅವನು ಹೋದದ್ದೂ ಬೇರೆ ದಾರಿಗೆ. ಯಕೋಬ ಅಷ್ಟು ಸರಳ ಮನುಷ್ಯನಲ್ಲ. ಆದರೂ ಆ ನೆಪ ಎಷ್ಟು ಸೊಗಸು!

ಮರುವರ್ಷ ಅದೇ ಬೆಟ್ಟಕ್ಕೆ ಹೊರಟಾಗ ನಾನೇ ಆ ಹುಡುಗನ ಮನೆಗೆ ಹೋಗಿ ಕರೆದೆ. ಔಷಧಿ ಜೇಬಿನಲ್ಲಿಟ್ಟುಕೊಂಡು ಬಂದ. ಅವನನ್ನು ಎಲ್ಲರಿಗಿಂತ ಮುಂದೆ ಬಿಟ್ಟು ನಾನು ಕೊನೆಯಲ್ಲಿ ನಡೆದೆ. ಹಿಂದಿನಿಂದ ಕೆಲವರು ಗೊಣಗಿದರು. ಅವನು ನಿಂತಾಗಲೆಲ್ಲ ನಿಂತೆವು. ಮೆಟ್ಟಿಲುಗಳು ಮುಗಿಯುವ ಕಡೆ ಅವನು ಸಾಕು ಎಂದ. ಅಲ್ಲಿಯೇ ಕುಳಿತು ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದೆವು. ಅಷ್ಟರಲ್ಲಿ ಕಾವಳ ಸರಿದು, ಕೆಳಗೆ ಮಧುಗಿರಿಯ ಮನೆಗಳು ಒಂದೊಂದಾಗಿ ಕಾಣತೊಡಗಿದವು.