ಹಿಟ್ಟಿನ ಕೋಳಿ, ಕುಂಕುಮದ ಕುಂಬಳಕಾಯಿ

ಆಯುಧಪೂಜೆಯ ದಿನ ಬೆಂಗಳೂರಿನ ಯಾವ ಗ್ಯಾರೇಜಿನ ಮುಂದೆ ನಿಂತರೂ ಕಾಣುವುದು ಒಂದೇ ಕ್ರಮ. ಬೂದುಗುಂಬಳದ ನೆತ್ತಿಯಲ್ಲಿ ಚಾಕುವಿನಿಂದ ಮೂರು ಮೂಲೆಯ ಬಿಲ್ಲೆಯೊಂದನ್ನು ಕೊರೆದು ತೆಗೆಯುತ್ತಾರೆ. ತಿರುಳನ್ನು ಬೆರಳಲ್ಲೇ ಒಂದಿಷ್ಟು ಕೆದಕಿ, ಕುಂಕುಮ ಸುರಿದು, ಚಿಲ್ಲರೆ ಕಾಸು ಹಾಕಿ, ಬಿಲ್ಲೆಯನ್ನು ಮತ್ತೆ ಮುಚ್ಚುತ್ತಾರೆ. ಮೇಲೆ ಕರ್ಪೂರ. ಕಾಯಿ ಹಿಡಿದವನ ಅಂಗಿಗೆಲ್ಲ ಬಿಳಿ ಬೂದಿ ಮೆತ್ತಿರುತ್ತದೆ. ಲಾರಿಗೆ ಮೂರು ಸುತ್ತು ನಿವಾಳಿಸಿ ನೆಲಕ್ಕೆ ಅಪ್ಪಳಿಸಿದರೆ ರಸ್ತೆಯೆಲ್ಲ ಕೆಂಪು, ಹುಡುಗರು ಕಾಸಿಗೆ ಮುಗಿಬೀಳುತ್ತಾರೆ.

ಬರೀ ದೃಷ್ಟಿ ತೆಗೆಯುವುದೇ ಆಗಿದ್ದರೆ ಆ ಕೆಂಪು ಯಾಕೆ ಬೇಕಿತ್ತು?

ಕಾಳಿಕಾ ಪುರಾಣ ಇದನ್ನು ಮುಚ್ಚಿಡುವುದಿಲ್ಲ. ದೇವಿಗೆ ಕೊಡುವ ಬಲಿಗಳನ್ನು ಹೇಳುವಾಗ ಅದು ಕುಂಬಳಕಾಯಿ, ಕಬ್ಬಿನ ಜಲ್ಲೆ, ಮದ್ಯ ಇವು ಆಡಿನಷ್ಟೇ ತೃಪ್ತಿ ಕೊಡುತ್ತವೆ ಎನ್ನುತ್ತದೆ. ಕೂಷ್ಮಾಂಡ ಬಲಿ ಎಂಬ ಹೆಸರೇ ಇದೆ. ತುಳುನಾಡಿನ ದೈವಾರಾಧನೆಯ ಕುರ್ದಿ ನೀರಿನಲ್ಲೂ ಅರಿಸಿನಕ್ಕೆ ಸುಣ್ಣ ಸೇರಿ ರಕ್ತದ ಬಣ್ಣ ಏಳುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಐತರೇಯ ಬ್ರಾಹ್ಮಣದ ಕಥೆ ಸಿಗುತ್ತದೆ: ಬಲಿಗೆ ಯೋಗ್ಯವಾದ ಸಾರ ಮೊದಲು ಮನುಷ್ಯನಲ್ಲಿತ್ತು, ಅವನನ್ನು ಬಿಟ್ಟು ಕುದುರೆಗೆ, ಎತ್ತಿಗೆ, ಕುರಿಗೆ, ಆಡಿಗೆ ಸರಿಯಿತು, ಕೊನೆಗೆ ನೆಲ ಸೇರಿ ಭತ್ತವಾಯಿತು. ಅಲ್ಲಿಗೆ ಹಿಟ್ಟಿನ ಪುರೋಡಾಶವೇ ಪಶುವಾಯಿತು. ಒಂದು ಜೀವದ ಬದಲಿಗೆ ಇನ್ನೊಂದನ್ನು, ಕಡೆಗೆ ಕಾಯಿಪಲ್ಲೆಯನ್ನು ಮುಂದೆ ಮಾಡುವ ಜಾಣತನ ಅಷ್ಟು ಹಳೆಯದು.

ಈ ಜಾಣತನಕ್ಕೆ ಕನ್ನಡದಲ್ಲೇ ಒಬ್ಬ ಕಟು ವಿಮರ್ಶಕನಿದ್ದಾನೆ. ಹೊಯ್ಸಳರ ಆಸ್ಥಾನದ ಜೈನಕವಿ ಜನ್ನ 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯಲ್ಲಿ ರಾಜ ಯಶೋಧರನಿಗೆ ಕೊಲ್ಲಲು ಮನಸ್ಸಿಲ್ಲ. ಕೆಟ್ಟ ಕನಸಿನ ಶಾಂತಿಗೆ ಬಲಿ ಕೊಡಲೇಬೇಕೆಂದು ತಾಯಿ ಚಂದ್ರಮತಿಯ ಹಟ. ಇಬ್ಬರಿಗೂ ಒಪ್ಪುವ ದಾರಿ ಎಂದು ಹಿಟ್ಟಿನ ಕೋಳಿ ಮಾಡಿಸಿ ಕಡಿಯುತ್ತಾರೆ. ಜನ್ನ ಬಿಡುವುದಿಲ್ಲ. ಹಿಟ್ಟಿನ ಕೋಳಿ ಕೂಗುತ್ತದೆ, ಕಡಿದವನೂ ಕಡಿಸಿದವಳೂ ನವಿಲು ನಾಯಿಗಳಿಂದ ಮೊದಲುಗೊಂಡು ಜನ್ಮಜನ್ಮಕ್ಕೆ ಪ್ರಾಣಿಗಳಾಗಿ ಹುಟ್ಟಿ, ಪ್ರತಿ ಸಲವೂ ಕೊಲೆಯಾಗುತ್ತಾರೆ. ಜೈನರ ಲೆಕ್ಕದಲ್ಲಿ ಅದು ಸಂಕಲ್ಪಹಿಂಸೆ. ಕೊಲ್ಲುತ್ತೇನೆಂದು ಕೈ ಎತ್ತಿದ ಮೇಲೆ ಎದುರಿಗಿರುವುದು ಹಿಟ್ಟೋ ಮಾಂಸವೋ ಎಂಬುದು ಎರಡನೆಯ ಮಾತು.

ಅದೇ ಶತಮಾನದಲ್ಲಿ ಉಡುಪಿಯ ಕಡೆಯಿಂದ ನೇರ ವಿರುದ್ಧವಾದ ಉತ್ತರ ಬಂತು. ಯಜ್ಞಕ್ಕೆ ಹಿಟ್ಟಿನ ಪಶು ಸಾಕು ಎಂಬ ಪದ್ಧತಿಯನ್ನು ಸಂಪ್ರದಾಯ ಮಧ್ವಾಚಾರ್ಯರ ಹೆಸರಿಗೇ ಸೇರಿಸುತ್ತದೆ. ಜನ್ನನಿಗೆ ಪಾಪವಾದದ್ದು ಇಲ್ಲಿ ಧರ್ಮ.

ಜನ್ನನ ಕಣ್ಣು ಕಡಿಯುವವನ ಮನಸ್ಸಿನ ಮೇಲಿದೆ, ಮಾಧ್ವರದು ಆಡಿನ ಕೊರಳಿನ ಮೇಲೆ. ಆಡನ್ನು ಕೇಳಿದರೆ ಯಾರ ಪಕ್ಷ ವಹಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ದೇವಸ್ಥಾನಗಳಲ್ಲಿ ಪ್ರಾಣಿಬಲಿ ತಡೆಯುವ 1959ರ ಕಾಯ್ದೆ ಕೂಡ ಮನಸ್ಸಿನ ಗೊಡವೆಗೆ ಹೋಗಲಿಲ್ಲ, ಕೊರಳು ಉಳಿದರೆ ಸಾಕೆಂದಿತು. ಆದರೂ ಜನ್ನನ ಆಕ್ಷೇಪ ಅಲ್ಲಿಗೆ ತೀರುವುದಿಲ್ಲ. ಗ್ಯಾರೇಜಿನ ಮೆಕ್ಯಾನಿಕ್ಕನ ತಲೆಯಲ್ಲಿ ಆಡೂ ಇಲ್ಲ, ದೇವಿಯ ಹಸಿವೂ ಇಲ್ಲ. ಇರುವುದು ಗಾಡಿಗೆ ಏನೂ ಆಗದಿರಲಿ ಎಂಬ ಒಂದೇ ಆಸೆ. ಚಿತ್ರೀಕರಣದ ಕೊನೆಯ ದಿನ ಕುಂಬಳಕಾಯಿ ಒಡೆಯುವ ಸಿನಿಮಾದವರೂ ಅಷ್ಟೇ. ಸಂಕಲ್ಪವೇ ಇಲ್ಲದ ಮೇಲೆ ಸಂಕಲ್ಪಹಿಂಸೆ ಎಲ್ಲಿಂದ ಬರಬೇಕು? ಬದಲಿಗೆ ಬಂದ ಕಾಯಿ ತಾನು ಯಾರ ಬದಲಿಗೆ ಬಂದೆನೆಂಬುದನ್ನೇ ಮರೆಸಿದ್ದರೆ ಅಹಿಂಸೆ ಗೆದ್ದ ಹಾಗೆಯೇ. ರಸ್ತೆಯ ತಿರುಳಿನ ಮೇಲೆ ಜಾರಿ ಬೀಳುವ ಸ್ಕೂಟರ್ ಸವಾರನ ರಕ್ತ ಮಾತ್ರ ಕುಂಕುಮದ್ದಲ್ಲ.

ಪೂರ್ತಿ ಮರೆತಿದ್ದೇವೆಯೇ ಎಂದರೆ ಅದೂ ಇಲ್ಲ. ಹೊಸದಾಗಿ ಕಟ್ಟುತ್ತಿರುವ ಮನೆಯ ಮುಂದೆ ನೇತುಹಾಕುವ ಕುಂಬಳಕ್ಕೆ ಇವತ್ತಿಗೂ ಕಣ್ಣು, ಮೀಸೆ, ಕೋರೆಹಲ್ಲು ಬರೆಯುತ್ತಾರೆ. ಐರ್ಲೆಂಡಿನವರು ಅಕ್ಟೋಬರ್ 31ರ ರಾತ್ರಿಗೆ ಟರ್ನಿಪ್ ಗೆಡ್ಡೆಯಲ್ಲಿ ಮುಖ ಕೆತ್ತುತ್ತಿದ್ದರು, ಅಮೆರಿಕಕ್ಕೆ ವಲಸೆ ಹೋದ ಮೇಲೆ ಅಲ್ಲಿನ ಸಿಹಿಗುಂಬಳಕ್ಕೆ ಕೈಹಾಕಿದರು. ಎರಡು ಕಡೆಯೂ ಹೆದರಿಸಬೇಕಾದದ್ದು ಹೊರಗಿನ ಕೆಡುಕನ್ನು.

ಮರೆಯದ ಇನ್ನೊಂದು ಜಾಗ ಅಡುಗೆಮನೆ. ಮಜ್ಜಿಗೆಹುಳಿಗೋ ಕಾಶಿಹಲ್ವಾಕ್ಕೋ ಇಡೀ ಬೂದುಗುಂಬಳ ತಂದರೆ ಎಷ್ಟೋ ಮನೆಗಳಲ್ಲಿ ಹೆಂಗಸರು ಅದನ್ನು ಮೊದಲು ಹೆಚ್ಚುವಂತಿಲ್ಲ. ಬಸುರಿಯಂತೂ ಹತ್ತಿರವೂ ಸುಳಿಯಬಾರದು. ಗಂಡಸೊಬ್ಬ ಬಂದು ಒಂದು ಹೋಳು ಮಾಡಿಕೊಡಬೇಕು. ಯಾರೂ ಇಲ್ಲದಿದ್ದರೆ ಪಕ್ಕದ ಮನೆಯ ಹುಡುಗನಾದರೂ ಸರಿ. ಕಾಯಿಗೆ ಜೀವವಿದೆಯೆಂಬ ಅಳುಕು ಆ ಒಂದು ಏಟಿಗೆ ಮುಗಿಯುತ್ತದೆ. ಆಮೇಲೆ ಈಳಿಗೆಮಣೆಯ ಮುಂದೆ ಕೂತು ತುರಿಯುವುದು, ನೀರು ಹಿಂಡುವುದು, ಸಕ್ಕರೆ ತುಪ್ಪದಲ್ಲಿ ಬಾಡಿಸುವುದೆಲ್ಲ ಹೆಂಗಸರದ್ದೇ. ಇನ್ನು ಸಂತೆಯಲ್ಲಿ ಹೋಳು ಮಾರುವಾಕೆ ಗಿರಾಕಿ ಬಂದಂತೆ ಇಡೀ ಕಾಯಿಗಳನ್ನು ಸೀಳುತ್ತಾಳೆ, ಅವಳಿಗೆ ಯಾವ ಹುಡುಗನೂ ಬಂದು ಮೊದಲ ಏಟು ಹಾಕಿಕೊಡುವುದಿಲ್ಲ. ಮಡಿವಂತ ಮನೆಯವರು ಅವಳ ಹತ್ತಿರವೇ ಅರ್ಧ ಕಿಲೋ ಹೋಳು ಕೊಂಡು ನಿರಾತಂಕವಾಗಿ ಬರುತ್ತಾರೆ. ಜನ್ನನ ಕಥೆಯಲ್ಲಿ ಕತ್ತಿ ಹಿಡಿಯದ ಚಂದ್ರಮತಿಗೂ ಮಗನಷ್ಟೇ ಜನ್ಮಗಳ ಶಿಕ್ಷೆಯಾಗಿತ್ತು.