ಬೀಗ ಹಾಕಿದ ಮನೆಯ ನಾಯಿ

ಸಿಂಧನೂರಿನ ಗದ್ದೆಗಳಿಗೆ ತುಂಗಭದ್ರೆಯ ಕಾಲುವೆ ಇದೆ. ಅದು ಮುಟ್ಟದ ಮಸ್ಕಿ, ಲಿಂಗಸುಗೂರು ಕಡೆಯ ಒಣ ಊರುಗಳಿಂದ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮನೆಗೆ ಬೀಗ ಬೀಳುತ್ತದೆ. ನಾಯಿ ಹೊಸ್ತಿಲು ಬಿಡುವುದಿಲ್ಲ. ಹೋದವರನ್ನು ನಿರ್ದಯಿಗಳೆನ್ನುವುದು ಸುಲಭ. ಮುಪ್ಪಿನ ತಂದೆತಾಯಿಯನ್ನೇ ಬಿಟ್ಟು ಹೋಗಬೇಕಾದವರು ನಾಯಿಯನ್ನು ಹೇಗೆ ಒಯ್ದಾರು? ಹಾಗಾದರೆ ಅದು ಈಗ ಯಾರ ನಾಯಿ? ಮನೆಯ ಕೀಲಿ ಇಟ್ಟುಕೊಂಡ ನೆರೆಯವರದೇ ಎಂದು ನನ್ನ ಅಭಿಪ್ರಾಯ.

“ಸ್ವಾಮಿ, ಮನುಷ್ಯರಿಗೇ ಅನ್ನವಿಲ್ಲ, ನಾಯಿಗೇಕೆ?” ಎನ್ನುವವರುಂಟು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಧರ್ಮಸಭೆಯ ಸತ್ಯೋಪದೇಶವೂ (2418) ಪ್ರಾಣಿಗಳನ್ನು ವೃಥಾ ನರಳಿಸುವುದು ಮಾನವ ಘನತೆಗೆ ತಕ್ಕುದಲ್ಲವೆಂದು ಬೋಧಿಸುತ್ತಲೇ, ಬಡವರಿಗೆ ಮೊದಲು ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯಬಾರದೆಂದು ಎಚ್ಚರಿಸುತ್ತದೆ. ಆದರೆ ಬೇಸಿಗೆಯಲ್ಲಿ ಒಂದು ಬೋಗುಣಿ ನೀರು, ಉಳಿದ ಒಂದು ರೊಟ್ಟಿ ಯಾವ ಬಡವನ ಪಾಲನ್ನು ಕಸಿದೀತು? ಸಂತ ಲೂಕರ ಶುಭಸಂದೇಶದಲ್ಲಿ ಲಾಜರನೂ ಅವನ ಹುಣ್ಣು ನೆಕ್ಕಿದ ನಾಯಿಗಳೂ ಇದ್ದುದು ಒಂದೇ ಬಾಗಿಲಲ್ಲಿ. ನಾಯಿಗೆ ಹಾಕಿದ್ದರಿಂದ ಲಾಜರನಿಗೆ ಕಡಿಮೆಯಾಯಿತೆಂದು ಅಲ್ಲಿಲ್ಲ. ಸಿರಿವಂತ ಬಾಗಿಲಾಚೆ ನೋಡಲೇ ಇಲ್ಲ.

ಆದರೂ ಅನ್ನ ಹಾಕಿ ಕೈತೊಳೆದುಕೊಂಡರೆ ಅದು ಅರ್ಧ ಪ್ರೀತಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬೇಕು. ಓಣಿಯಲ್ಲಿ ಆಡುವವರು ನಮ್ಮ ಮಕ್ಕಳು. ಆ ನಾಯಿಯನ್ನು ಪಶು ಆಸ್ಪತ್ರೆಗೆ ಒಯ್ದು ಲಸಿಕೆ ಹಾಕಿಸಿ. ಬೀದಿನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆಯ ಹೊಣೆಯನ್ನು 2023ರ ಕೇಂದ್ರ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ; ನಾಲ್ಕು ಜನ ಕೂಡಿ ಹೋಗಿ ಕೇಳಬಹುದು. ಯಾರಿಗಾದರೂ ಕಚ್ಚಿದರೆ ಅರಿಸಿನ, ಸುಣ್ಣ ಹಚ್ಚುತ್ತ ಕೂರಬೇಡಿ. ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.